ಗಾಲಿ ನೇತಾಡುವಾಗ ಬಿಗಿದ ಬೋಲ್ಟು

ಕಾರಿನಲ್ಲಿ ಓಡಾಡುವವರ ಪೈಕಿ ನೂರಕ್ಕೆ ತೊಂಬತ್ತೊಂಬತ್ತು ಮಂದಿಗೆ ಕಂಟ್ರೋಲ್ ಆರ್ಮಿನ ಬುಷ್ ಎಂಬ ಪದಾರ್ಥವೊಂದು ಭೂಮಿಯ ಮೇಲೆ ಇದೆಯೆಂಬುದೇ ಗೊತ್ತಿರುವುದಿಲ್ಲ. ಗೊತ್ತಿಲ್ಲದೆಯೇ ಅವರು ಸುಖವಾಗಿದ್ದಾರೆ. ಚಕ್ರವನ್ನು ಕಾರಿನ ಮೈಗೆ ಹಿಡಿದುಕೊಂಡಿರುವ ಕಬ್ಬಿಣದ ತೋಳೇ ಕಂಟ್ರೋಲ್ ಆರ್ಮ್. ಆ ತೋಳಿನ ಬುಡದಲ್ಲಿ, ಎರಡು ಕಬ್ಬಿಣದ ಕೊಳವೆಗಳ ನಡುವೆ, ಮುಷ್ಟಿಯಲ್ಲಿ ಮುಚ್ಚಿಡಬಹುದಾದಷ್ಟು ರಬ್ಬರ್ ಅಂಟಿಕೊಂಡಿರುತ್ತದೆ. ಅದು ಬುಷ್. ಹಳ್ಳ ಬಂದರೂ ಉಬ್ಬು ಬಂದರೂ ಏಟು ಬೀಳುವುದು ಅದಕ್ಕೆ. ಒಳಗೆ ಕೂತವರು ಮಾತ್ರ, ರಸ್ತೆ ಎಷ್ಟು ಚೆನ್ನಾಗಿದೆ ಎಂದು ರಸ್ತೆ ಮಾಡಿಸಿದವರನ್ನು ಹೊಗಳುತ್ತಾರೆ.

ನಮ್ಮ ಕಥಾನಾಯಕ ಇಂಥ ಬುಷ್ ತಯಾರಿಸುವ ಕಾರ್ಖಾನೆಯಲ್ಲಿ ಪರೀಕ್ಷಕ. ಅವನ ಕೋಣೆಯಲ್ಲಿ ಒಂದು ಯಂತ್ರ, ಒಂದು ಕುರ್ಚಿ, ಒಂದು ದಪ್ಪ ಪುಸ್ತಕ. ಯಂತ್ರಕ್ಕೆ ಆರ್ಮನ್ನು ಸಿಕ್ಕಿಸಿ ಗುಂಡಿ ಒತ್ತಿದರೆ ಅದು ಮೇಲೆ ಕೆಳಗೆ, ಮೇಲೆ ಕೆಳಗೆ ಎಂದು ಆಡತೊಡಗುತ್ತದೆ. ಐದು ಲಕ್ಷ ಸಲ ಆಡಿದ ಮೇಲೂ ರಬ್ಬರ್ ಹರಿಯದಿದ್ದರೆ ಪುಸ್ತಕದಲ್ಲಿ ‘ತೇರ್ಗಡೆ’ ಎಂದು ಬರೆಯಬೇಕು. ಹದಿನೆಂಟು ವರ್ಷದಿಂದ ಅವನು ಇದನ್ನೇ ನೋಡುತ್ತಾ, ಇದನ್ನೇ ಬರೆಯುತ್ತಾ ಬಂದಿದ್ದಾನೆ. ಒಂದು ಸಣ್ಣ ವಿಷಯವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು: ಈ ಹದಿನೆಂಟು ವರ್ಷದಲ್ಲಿ ಅವನು ಒಂದು ಸಲವೂ ಕಾರಿನ ಅಡಿಗೆ ನುಸುಳಿ ನೋಡಿದವನಲ್ಲ. ಅವನ ಹತ್ತಿರ ಇದ್ದದ್ದು ಒಂದು ಸ್ಕೂಟರ್. ಅದು ಕೆಟ್ಟರೆ ತಳ್ಳಿಕೊಂಡು ಹೋಗಿ ಮೆಕ್ಯಾನಿಕ್ಕಿಗೆ ಒಪ್ಪಿಸಿ, ದೂರದಲ್ಲಿ ನಿಂತು ಪೇಪರ್ ಓದುತ್ತಿದ್ದ.

ಹೆಂಡತಿಯ ತವರಿನಲ್ಲಿ ಅವನಿಗೆ ‘ರಬ್ಬರ್ ಅಳಿಯ’ ಎಂದು ಹೆಸರು. ಎದುರಿಗೆ ಕರೆಯುತ್ತಿರಲಿಲ್ಲ, ಆದರೆ ಅವನಿಗೆ ಕೇಳಿಸುವಷ್ಟು ಹತ್ತಿರದಲ್ಲೇ ಕರೆಯುತ್ತಿದ್ದರು. ಮಾವ ದೊಡ್ಡ ಕಚೇರಿಯೊಂದರಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಬಂದವರಿಗೆ ಮನೆಮಂದಿಯನ್ನು ಪರಿಚಯಿಸುವುದು ಅವರಿಗೆ ಬಲು ಇಷ್ಟ. “ಇವನು ನನ್ನ ಮಗ, ವಿಮಾ ಕಚೇರೀಲಿ ವಿಭಾಗದ ಮುಖ್ಯಸ್ಥ. ಇವಳು ಮಗಳು. ಇವರು ಅಳಿಯ, ರಬ್ಬರ್ ಕಾರ್ಖಾನೇಲಿ ಏನೋ ಮಾಡ್ತಾರೆ.” ಈ ‘ಏನೋ’ ಇದೆಯಲ್ಲ, ಅದು ಹದಿನೆಂಟು ವರ್ಷ ನಮ್ಮ ಅಳಿಯನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅವನಿಗೆ ಬೇರೆ ಆಸೆಗಳೇನೂ ಇರಲಿಲ್ಲ. ಆ ಮನೆಯ ನಡುಮನೆಯಲ್ಲಿ ನಾಲ್ಕು ಜನರೆದುರು ಆ ‘ಏನೋ’ ಒಂದು ಹೋಗಬೇಕಿತ್ತು.

ಒಂದು ಭಾನುವಾರ ಎಲ್ಲರೂ ಆ ನಡುಮನೆಯಲ್ಲಿ ಸೇರಿದ್ದಾಗ ಹೆಂಡತಿಯ ಅಣ್ಣ, ಅಂದರೆ ಭಾವ, ಹೊಸದಾಗಿ ಕೊಂಡ ಹಳೆಯ ಕಾರಿನಲ್ಲಿ ಬಂದಿಳಿದ. ಗೇಟಿನ ಮುಂದೆ ಚರಂಡಿಗೆ ಹಾಸಿದ್ದ ಕಲ್ಲನ್ನು ದಾಟುವಾಗ ಕಾರು ‘ಡಗ್’ ಎಂದಿತು.

“ಬುಷ್ ಹೋಗಿದೆ,” ಎಂದ ಅಳಿಯ.

ಅವನು ಅದನ್ನು ತನ್ನಷ್ಟಕ್ಕೆ ತಾನೇ ಹೇಳಿಕೊಂಡದ್ದು. ಆದರೆ ಆ ಮನೆಯಲ್ಲಿ ಅವನು ಅಭಿಪ್ರಾಯವೊಂದನ್ನು ಹೊರಹಾಕಿದ್ದು ಅದೇ ಮೊದಲು. ಹಾಗಾಗಿ ಎಲ್ಲರೂ ತಿರುಗಿ ನೋಡಿದರು.

“ಏನು ಹೋಗಿದೆ?” ಎಂದ ಭಾವ, ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಾ.

“ಕಂಟ್ರೋಲ್ ಆರ್ಮಿನ ಬುಷ್. ಮುಂದಿನ ಎಡಗಡೇದು.”

ಎಡಗಡೆ ಎಂದು ಯಾಕೆ ಅಂದನೋ ಅವನಿಗೇ ತಿಳಿಯದು. ಒಂದು ಮಾತು ಹೊರಬಿದ್ದ ಮೇಲೆ ಅದಕ್ಕೊಂದು ಬಾಲ ಇರಲಿ ಅಂತಿರಬೇಕು.

“ಅಲ್ಲಯ್ಯಾ, ಹೋದ ವಾರ ತಗೊಂಡ ಗಾಡಿ ಇದು. ಆಕಾಶದಲ್ಲಿ ಗುಡುಗಿದ್ರೂ ನೀನು ಬುಷ್ ಹೋಗಿದೆ ಅಂತೀಯೇನೋ!” ಎಂದ ಭಾವ. ಮಾವ ಹೊಟ್ಟೆ ಕುಲುಕಿಸಿ ನಕ್ಕರು. ಹೆಂಡತಿ ತಲೆ ತಗ್ಗಿಸಿಕೊಂಡು ಒಳಗೆ ಹೋದಳು.

ಮೂರನೆಯ ದಿನ ಭಾವನ ಫೋನು ಬಂತು. ಗ್ಯಾರೇಜಿನ ಮೇಸ್ತ್ರಿ ಗಾಡಿ ಎತ್ತಿ ನೋಡಿದನಂತೆ. ಬುಷ್ ಹೋಗಿದೆಯಂತೆ. ಮುಂದಿನ ಎಡಗಡೆಯದೇ ಅಂತೆ!

“ಅದು ಹೇಗಯ್ಯಾ ಹೇಳಿದೆ? ಗಾಡಿ ಹತ್ರಾನೂ ಬರಲಿಲ್ಲ ನೀನು.”

ಇಲ್ಲಿ ಅಳಿಯ ನಿಜ ಹೇಳಬಹುದಿತ್ತು. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಬುಷ್ಷೇ, ಎಡಗಡೆ ಅಂದದ್ದು ಕತ್ತಲಲ್ಲಿ ಎಸೆದ ಕಲ್ಲು, ಅದು ತಗುಲಿದೆ, ಅಷ್ಟೆ. ಆದರೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸದ್ದಿನಲ್ಲೇ ಗೊತ್ತಾಗುತ್ತೆ,” ಎಂದ. ಸುಮ್ಮನಿದ್ದದ್ದೇ ಹೆಚ್ಚು ಕೆಲಸ ಮಾಡಿತು.

ಸಂಜೆಯ ಹೊತ್ತಿಗೆ ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ಹಬ್ಬಿಸಿದವಳು ಹೆಂಡತಿ. ಹದಿನೆಂಟು ವರ್ಷ ಗಂಡನ ವಿಷಯ ಬಂದಾಗಲೆಲ್ಲ ಮಾತು ತಿರುಗಿಸಿದವಳು, ಪಾಪ, ಈಗ ಮೆಟ್ಟಿಲ ಮೇಲೆ ನಿಂತು ಹೋಗಿಬರುವವರಿಗೆ ಹೇಳತೊಡಗಿದಳು: “ನಮ್ಮನೆಯವರು ಸದ್ದು ಕೇಳಿಯೇ ಕಾರಿನ ಕಾಯಿಲೆ ಹೇಳ್ತಾರೆ ಕಣ್ರೀ.”

ಮೊದಲು ಬಂದವರು ಎದುರುಮನೆಯ ನಿವೃತ್ತ ಮೇಷ್ಟ್ರು, ಇಪ್ಪತ್ತೆರಡು ವರ್ಷದ ಕಾರಿನೊಂದಿಗೆ. ಅಳಿಯ ಕಣ್ಣು ಮುಚ್ಚಿ, ಕಿವಿಗೆ ಕೈ ಇಟ್ಟು ಕೇಳಿ, “ಬುಷ್ ಹೋಗಿದೆ” ಎಂದ. ಹೋಗಿತ್ತು. ಇಪ್ಪತ್ತೆರಡು ವರ್ಷದ ಕಾರಿನಲ್ಲಿ ಹೋಗದೆ ಉಳಿದಿದ್ದದ್ದು ಮೇಷ್ಟ್ರು ಒಬ್ಬರೇ. ಆಮೇಲೆ ಔಷಧಿ ಅಂಗಡಿಯವನು ಬಂದ, ಟ್ಯಾಕ್ಸಿಯವರು ಬಂದರು. ಎಲ್ಲರಿಗೂ ಒಂದೇ ಮದ್ದು. ಕಾರಿನ ಸರದಿ ಮುಗಿದ ಮೇಲೆ ಮಹಡಿಮನೆಯಾಕೆ ಹೊಲಿಗೆ ಯಂತ್ರ ತಂದಳು. ಕೊನೆಗೆ ಮೇಷ್ಟ್ರ ಹೆಂಡತಿ ಖಾಲಿ ಕೈಯಲ್ಲಿ ಬಂದರು.

“ನನ್ನ ಮೊಣಕಾಲು ಕಟಕ್ ಅನ್ನುತ್ತಪ್ಪಾ.”

“ಹತ್ತುವಾಗಲೋ, ಇಳಿಯುವಾಗಲೋ?”

“ಇಳಿಯುವಾಗ.”

“ಹಾಗಾದ್ರೆ ಎಡಗಡೇದು,” ಎಂದ ಅಳಿಯ ಗಂಭೀರವಾಗಿ.

“ಹೌದಪ್ಪಾ, ಎಡಗಡೇದೇ!” ಎಂದು ಆಕೆ ಅರ್ಧ ಕಾಯಿಲೆ ಅಲ್ಲೇ ವಾಸಿಯಾದವರಂತೆ ಹೊರಟುಹೋದರು.

ಮುಂದಿನ ಭಾನುವಾರ ಮಾವನ ಮನೆಯಲ್ಲಿ ಯಾರೋ ಬಂದಿದ್ದರು. ಮಾವ ಎದ್ದು ನಿಂತು, “ಇವರು ನಮ್ಮ ಅಳಿಯಂದ್ರು. ಕಾರಿನ ತಜ್ಞರು,” ಎಂದರು. ಅಳಿಯನಿಗೆ ಕಣ್ಣು ಮಂಜಾಯಿತು. ಆ ಮಂಜಿನಲ್ಲಿ ಅವನು ಮಾವ ಮುಂದೆ ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಮಾವ ಹೇಳಿದ್ದು ಇಷ್ಟು: ಮಗನ ಕಾರನ್ನು ಕಂಡಕಂಡವರ ಕೈಗೆ ಕೊಡುವುದಿಲ್ಲ, ಹೊಸ ಆರ್ಮನ್ನು ಅಳಿಯಂದಿರೇ ಕೂರಿಸುತ್ತಾರೆ.

“ಮಾವ, ಅದು ಗ್ಯಾರೇಜಿನವರ ಕೆಲಸ. ನಂದು ಬರೀ ಪರೀಕ್ಷೆ ಮಾಡೋದು...”

“ಈ ವಿನಯ ಸಾಕು ಅಳಿಯಂದ್ರೇ. ವಿನಯದಿಂದಲೇ ನೀವು ಇಷ್ಟು ವರ್ಷ ಹಿಂದೆ ಬಿದ್ದದ್ದು.”

ಭಾವ ಬಿಡಿಭಾಗಗಳ ಅಂಗಡಿಗೆ ಹೋಗಿ, ಅಳಿಯನ ಕಾರ್ಖಾನೆಯದೇ ಮುದ್ರೆಯಿದ್ದ ಹೊಸ ಆರ್ಮ್ ತಂದ. ಬುಷ್ ಮೊದಲೇ ಒಳಗೆ ಒತ್ತಿ ಕೂರಿಸಿದ್ದು. ಮಾರನೆಯ ದಿನ ಮಾವನ ಅಂಗಳದಲ್ಲಿ ಕಾರನ್ನು ಜಾಕ್ ಕೊಟ್ಟು ಎತ್ತಿದ್ದಾಯಿತು. ಜಾಕ್, ಪಾನಾ ಎಲ್ಲ ಗ್ಯಾರೇಜಿನ ಮೇಸ್ತ್ರಿಯವು. ಅವನನ್ನು ಸಾಮಾನು ತರಲು ಕರೆಸಿದ್ದರು, ಮುಟ್ಟುವ ಹಾಗಿರಲಿಲ್ಲ. ಸುತ್ತ ಕುರ್ಚಿ ಹಾಕಿಕೊಂಡು ಮಾವ, ಭಾವ, ಅಕ್ಕಪಕ್ಕದವರು ಕೂತರು. ಹೆಂಡತಿ ಕಿಟಕಿಯಲ್ಲಿ ನಿಂತಳು. ಅಳಿಯ ತನ್ನ ಜನ್ಮದಲ್ಲಿ ಮೊದಲ ಬಾರಿಗೆ ಕಾರಿನ ಅಡಿಗೆ ಹೋದ. ಅಲ್ಲಿ ಕತ್ತಲಿತ್ತು. ಮೂಗಿನ ಮೇಲೆ ಮಣ್ಣು ಉದುರಿತು.

ಎರಡೂವರೆ ಗಂಟೆ ಹೆಣಗಾಡಿ ಹಳೆಯದನ್ನು ಬಿಚ್ಚಿ ಹೊಸದನ್ನು ಸಿಕ್ಕಿಸಿದ. ಇನ್ನು ಬೋಲ್ಟಿಗೆ ಕೊನೆಯ ಬಿಗಿ ಹಾಕುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಮೇಸ್ತ್ರಿ ತಡೆಯಲಾರದೆ ಬಗ್ಗಿದ.

“ಸಾರ್, ಈಗಲೇ ಬಿಗೀಬೇಡಿ. ಗಾಡಿ ಕೆಳಗಿಳಿಸಿ, ಚಕ್ರ ನೆಲಕ್ಕೆ ಕೂತ ಮೇಲೆ ಬಿಗಿಯಿರಿ. ಗಾಲಿ ನೇತಾಡ್ತಿರುವಾಗ ಬಿಗಿದ್ರೆ ರಬ್ಬರ್ ತಿರುಚಿಕೊಳ್ಳುತ್ತೆ.”

ಮೇಸ್ತ್ರಿ ಹೇಳಿದ್ದರಲ್ಲಿ ಅಕ್ಷರವೂ ಸುಳ್ಳಿಲ್ಲ. ಬೋಲ್ಟು ಬಿಗಿದ ಕ್ಷಣ ರಬ್ಬರ್ ಯಾವ ಭಂಗಿಯಲ್ಲಿರುತ್ತದೋ ಅದೇ ಅದರ ವಿಶ್ರಾಂತಿ ಭಂಗಿ. ಚಕ್ರ ಜೋತಾಡುವಾಗ ಬಿಗಿದುಬಿಟ್ಟರೆ, ಕಾರು ಸುಮ್ಮನೆ ನಿಂತಿದ್ದಾಗಲೂ ಅದು ಹಿಂಡಿದ ಒದ್ದೆ ಬಟ್ಟೆಯ ಹಾಗೆ ತಿರುಚಿಕೊಂಡೇ ಇರುತ್ತದೆ. ಕಾರ್ಖಾನೆಯವರು ಇದನ್ನೇ ಚೀಟಿಯಲ್ಲಿ ಅಚ್ಚು ಹಾಕಿಸಿ ಪ್ರತಿಯೊಂದು ಪೆಟ್ಟಿಗೆಯಲ್ಲೂ ಇಡುತ್ತಿದ್ದರು. ಭಾವ ಆ ಚೀಟಿಯನ್ನು ಪೆಟ್ಟಿಗೆಯ ಜೊತೆಗೇ ಎಸೆದಿದ್ದ.

ಮಾವ ಕುರ್ಚಿಯಿಂದಲೇ ಗುಡುಗಿದರು. “ಯಾರಿಗೆ ಹೇಳ್ತಿದ್ದೀಯಪ್ಪಾ ನೀನು? ಆ ರಬ್ಬರನ್ನ ಪಾಸ್ ಮಾಡೋರೇ ಅವರು!”

ಕಾರಿನ ಅಡಿಯಿಂದ ಅಳಿಯನಿಗೆ ಕಾಣುತ್ತಿದ್ದದ್ದು ಬರೀ ಪಾದಗಳು. ಎಲ್ಲ ಪಾದಗಳೂ ಅವನ ಕಡೆಗೇ ತಿರುಗಿದ್ದವು. ಈಗ ಮೇಸ್ತ್ರಿಯ ಮಾತು ಕೇಳಿದರೆ ತಜ್ಞ ಯಾರು, ಸಾಮಾನು ಹೊರುವವನು ಯಾರು ಎಂದು ಆ ಪಾದಗಳು ಕೇಳುತ್ತಿದ್ದ ಹಾಗಿತ್ತು.

“ನಮ್ಮ ರಬ್ಬರಿಗೆ ಅದೆಲ್ಲ ಬೇಕಾಗಿಲ್ಲ,” ಎಂದು ಅಳಿಯ ಪೂರಾ ಬಲ ಹಾಕಿ ಬೋಲ್ಟು ಬಿಗಿದ.

“ಹಂಗಾದ್ರೆ ಸರಿ ಸಾರ್,” ಎಂದ ಮೇಸ್ತ್ರಿ. ಅವನ ದನಿಯಲ್ಲಿ ಅಷ್ಟೊಂದು ಗೌರವವಿರಬಾರದಿತ್ತು.

ಕಾರು ಚರಂಡಿಯ ಕಲ್ಲನ್ನು ಸದ್ದಿಲ್ಲದೆ ದಾಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಮೂರು ಭಾನುವಾರಗಳೇ ಅಳಿಯನ ಬದುಕಿನ ಒಳ್ಳೆಯ ಕಾಲ. ಅವನು ರಾಜಕೀಯದ ಬಗ್ಗೆಯೂ ಒಂದೆರಡು ಮಾತಾಡಿದ, ಯಾರೂ ಅಡ್ಡ ಬಾಯಿ ಹಾಕಲಿಲ್ಲ.

ನಾಲ್ಕನೆಯ ಭಾನುವಾರ ಕಾರು ಮತ್ತೆ ‘ಡಗ್’ ಎಂದಿತು. ಮೊದಲಿನದಕ್ಕಿಂತ ಜೋರಾಗಿ.

ಭಾವ ಬಿಚ್ಚಿಸಿದ ಆರ್ಮನ್ನು ತಂದು ನಡುಮನೆಯ ಮೇಜಿನ ಮೇಲೆ ಇಟ್ಟ. ಬುಷ್ಷಿನ ರಬ್ಬರ್ ಅರ್ಧ ಸುತ್ತು ಹರಿದು ಬಾಯಿ ಬಿಟ್ಟಿತ್ತು. “ಏನಯ್ಯಾ ಇದು? ಇಪ್ಪತ್ತೇಳು ದಿನ! ಆ ಮೇಸ್ತ್ರಿಯನ್ನ ಕೇಳಿದ್ರೆ, ಹಾಕಿದವರನ್ನೇ ಕೇಳಿ ಅಂತ ನಗ್ತಾನೆ.”

ಎಲ್ಲರೂ ಅಳಿಯನನ್ನು ನೋಡಿದರು. ಮಾವನ ಬಾಯಲ್ಲಿ ಆ ಹಳೆಯ ‘ಏನೋ’ ಮತ್ತೆ ಮೂಡುತ್ತಿರುವುದು ಅಳಿಯನ ಕಣ್ಣಿಗೇ ಕಂಡಂತಾಯಿತು. ಅವನು ಆರ್ಮನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ಹರಿದ ಜಾಗವನ್ನು ಉಗುರಿನಿಂದ ಕೆರೆದು ತೀರ್ಪು ಕೊಟ್ಟ.

“ರಬ್ಬರೇ ಸರಿಯಿಲ್ಲ. ಕಲೆಸಿದವನು ಸರಿಯಾಗಿ ಕಲೆಸಿಲ್ಲ.”

“ಹಾಗೆ ಹೇಳಿ!” ಎಂದು ಮಾವ ತೊಡೆ ತಟ್ಟಿದರು. ಮೂವತ್ತು ವರ್ಷ ಜನರ ದೂರುಗಳಿಗೆ ಉತ್ತರ ಬರೆದು ಸವೆದವರು ಅವರು. ನಿವೃತ್ತರಾದ ಮೇಲೆ ದೂರು ಬರೆಯುವ ಯೋಗ ಕೂಡಿಬಂದಿರಲಿಲ್ಲ. ಅಂದೇ ಕೂತು ಮೂರು ಪುಟ ಬರೆದರು. ‘ನುರಿತ ತಜ್ಞರೊಬ್ಬರು ಶಾಸ್ತ್ರೋಕ್ತವಾಗಿ ಅಳವಡಿಸಿದ್ದಾಗ್ಯೂ, ತಮ್ಮ ಕಳಪೆ ರಬ್ಬರ್ ಇಪ್ಪತ್ತೇಳು ದಿನಗಳಲ್ಲಿ ಹರಿದು ಒಂದು ಕುಟುಂಬದ ಪ್ರಾಣಕ್ಕೆ...’ ಇತ್ಯಾದಿ.

“ಮಾವ, ದಮ್ಮಯ್ಯ, ನನ್ನ ಹೆಸರು ಬೇಡ.”

“ನಾನೇನು ಎಳೇ ಮಗುವೇ ಅಳಿಯಂದ್ರೇ? ನೀವು ಒಳಗಿನವರು. ನಿಮ್ಮ ನೆರಳೂ ಬೀಳದ ಹಾಗೆ ಬರೆದಿದ್ದೀನಿ,” ಎಂದು ಮಾವ ಪತ್ರದ ಆರು ಪ್ರತಿಗಳನ್ನು ಆರು ಕಚೇರಿಗಳಿಗೆ ಕಳಿಸಿದರು. ಹರಿದ ಆರ್ಮನ್ನು ಪೆಟ್ಟಿಗೆಗೆ ಹಾಕಿ ಕಾರ್ಖಾನೆಗೆ ಕಳಿಸಿದರು.

ಪೆಟ್ಟಿಗೆ ಬಂದು ಬಿದ್ದದ್ದು ಎಲ್ಲಿಗೆ ಎಂದು ಹೇಳಬೇಕಾಗಿಲ್ಲ. ಪರೀಕ್ಷಾ ಕೋಣೆಯ ಮೇಜಿನ ಮೇಲೆ, ನಮ್ಮ ಅಳಿಯನ ಮುಂದೆ. ಹಿಂದೆಯೇ ಕಾರ್ಖಾನೆಯ ಮ್ಯಾನೇಜರು ಪತ್ರ ಬೀಸುತ್ತಾ ಬಂದರು.

“ಏನ್ರೀ ಇದು? ಯಾರೋ ತಲೆಕೆಟ್ಟ ಮುದುಕ ಊರಿಗೆಲ್ಲ ಕಾಗದ ಹಾಕಿದ್ದಾನೆ. ಮೇಲಿನವರು ಕುಣೀತಿದ್ದಾರೆ. ತಪ್ಪು ಹಾಕಿದವನದೋ, ನಮ್ಮ ರಬ್ಬರಿನದೋ, ಎರಡರಲ್ಲಿ ಒಂದು ಹೇಳಿ. ಈ ಹರಿದದ್ದನ್ನ ಮಾಡಿದ ದಿನವೇ ಮಾಡಿದ ಇನ್ನೆರಡು ಬುಷ್ ಇಟ್ಟುಕೊಂಡಿದ್ದೀವಿ. ಯಂತ್ರಕ್ಕೆ ಹಾಕಿ ವರದಿ ಬರೆಯಿರಿ. ರಬ್ಬರಿನದೇ ತಪ್ಪು ಅಂತಾದ್ರೆ ಕಲೆಸಿದವನನ್ನ ಮನೆಗೆ ಕಳಿಸ್ತೀನಿ.”

ರಬ್ಬರ್ ಕಲೆಸುವವನನ್ನು ಕಾರ್ಖಾನೆಯಲ್ಲಿ ಎಲ್ಲರೂ ಮಸಿಯಜ್ಜ ಎನ್ನುತ್ತಿದ್ದರು. ಹಸಿ ರಬ್ಬರಿಗೆ ಗಂಧಕ, ಎಣ್ಣೆ, ಮಸಿ ಸೇರಿಸಿ ದೊಡ್ಡ ಉರುಳೆಗಳ ನಡುವೆ ಹಾಯಿಸುವುದು ಅವನ ಕೆಲಸ. ಕೂದಲಿಂದ ಕಾಲಿನವರೆಗೆ ಕಪ್ಪು, ಕಣ್ಣು ಹಲ್ಲು ಮಾತ್ರ ಬಿಳಿ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ಹೆಂಡತಿ, ಅವಳಿಗೆ ಔಷಧಿ ಬರುತ್ತಿದ್ದದ್ದು ಕಾರ್ಖಾನೆಯ ದವಾಖಾನೆಯಿಂದ. ಹದಿನೆಂಟು ವರ್ಷ ಅವನೂ ಅಳಿಯನೂ ಒಂದೇ ಬೆಂಚಿನ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿದವರು.

ಅಳಿಯ ಮೊದಲ ಬುಷ್ಷನ್ನು ಯಂತ್ರಕ್ಕೆ ಸಿಕ್ಕಿಸಿದ. ಹದಿನೆಂಟು ವರ್ಷ ಅವನು ಯಂತ್ರದ ಮುಂದೆ ಕೂತು ರಬ್ಬರ್ ಉಳಿಯಲಿ ಎಂದು ಬಯಸಿದವನು. ಈಗ ಹರಿಯಲಿ ಎಂದು ಬೇಡಿಕೊಂಡ. ಒಂದು ಲಕ್ಷವಾಯಿತು. ಎರಡಾಯಿತು. ಮಾರನೆಯ ದಿನ ಮೂರು ದಾಟಿತು. ಅಳಿಯ ಊಟ ಬಿಟ್ಟು ಅದರ ಮುಂದೆ ಕೂತ. ಮಸಿಯಜ್ಜ ಎರಡು ಲೋಟ ಟೀ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತ.

“ನಾಲ್ಕಾಯ್ತಾ ಸಾರ್?”

“ಆಯ್ತು.”

“ಹರಿಯಲ್ಲ ಬಿಡಿ. ಆವತ್ತಿನ ರಬ್ಬರ್ ನನಗೆ ನೆನಪಿದೆ. ಕೈಯಲ್ಲಿ ಹಿಡಿದ್ರೆ ಕರು ಕಿವಿ ಹಿಡಿದ ಹಾಗಿತ್ತು. ಯಾವನೋ ದಡ್ಡ ಹಾಕೋಕೆ ಬರದೆ ಹಾಳು ಮಾಡಿದ್ದಾನೆ. ನೀವು ಟೀ ಕುಡೀರಿ. ನನಗೋಸ್ಕರ ಇಷ್ಟು ಒದ್ದಾಡ್ತಿದ್ದೀರಿ.”

ಟೀ ಅಳಿಯನ ನೆತ್ತಿಗೆ ಹತ್ತಿತು. ಐದು ಲಕ್ಷವಾಯಿತು. ಹಟಕ್ಕೆ ಬಿದ್ದು ಇನ್ನೂ ಓಡಿಸಿದ. ಆರಾಯಿತು, ಏಳಾಯಿತು. ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ. ಇಷ್ಟು ಒಳ್ಳೆಯ ರಬ್ಬರನ್ನು ಅವನು ತನ್ನ ಕಾಲದಲ್ಲಿ ನೋಡಿರಲಿಲ್ಲ. ಅವನಿಗೆ ಅದರ ಮೇಲೆ ಅಸಾಧ್ಯ ಕೋಪ ಬಂತು.

ಎರಡನೆಯ ಬುಷ್ಷನ್ನು ಕೈಗೆ ತೆಗೆದುಕೊಂಡಾಗ ಅವನಿಗೆ ಮೇಸ್ತ್ರಿಯ ಮಾತು ನೆನಪಾಯಿತು. ನೋಡೇಬಿಡೋಣ ಎಂದುಕೊಂಡ. ಆರ್ಮನ್ನು ಪೂರ್ತಿ ಕೆಳಗೆ ಜಗ್ಗಿ, ಜೋತಾಡುವ ಗಾಲಿಯ ಭಂಗಿಯಲ್ಲಿ ಹಿಡಿದು, ಬೋಲ್ಟು ಬಿಗಿದು, ಆಮೇಲೆ ಎತ್ತಿ ಯಂತ್ರಕ್ಕೆ ಕೊಟ್ಟ. ಗುಂಡಿ ಒತ್ತಿದ. ನಲವತ್ತೊಂದು ಸಾವಿರಕ್ಕೆ ರಬ್ಬರ್ ಹರಿಯಿತು. ಭಾವನ ಆರ್ಮಿನ ಪಕ್ಕ ಇಟ್ಟು ನೋಡಿದ. ಅದೇ ಜಾಗ, ಅದೇ ಅರ್ಧ ಸುತ್ತು, ಅದೇ ತೆರೆದ ಬಾಯಿ. ಅವಳಿಜವಳಿ ಮಕ್ಕಳಿಗೂ ಅಷ್ಟು ಹೋಲಿಕೆ ಇರುವುದಿಲ್ಲ.

ಹದಿನೆಂಟು ವರ್ಷದಲ್ಲಿ ಅವನು ಮಾಡಿದ ಅತ್ಯಂತ ಬುದ್ಧಿವಂತ ಪರೀಕ್ಷೆ ಅದು. ತಪ್ಪು ಯಾರದೆಂದು ಅಲ್ಲಿಗೆ ಸಂಶಯಕ್ಕೆ ಎಡೆಯಿಲ್ಲದೆ ತೀರ್ಮಾನವಾಗಿತ್ತು. ಅದನ್ನು ಬರೆದರೆ ಕಾರ್ಖಾನೆಯವರು ಅವನ ಬೆನ್ನು ತಟ್ಟುತ್ತಿದ್ದರು. ಮಾವನಿಗೆ ಮಾತ್ರ ಮುದ್ರೆಯೊತ್ತಿದ ಉತ್ತರ ಹೋಗುತ್ತಿತ್ತು: ಅಳವಡಿಸಿದವನು ದಡ್ಡ. ಮಾವ ಅದನ್ನು ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದರು. ಭಾವ ನಗುತ್ತಿದ್ದ. ಹೆಂಡತಿ ಒಳಗೆ ಹೋಗುತ್ತಿದ್ದಳು.

ಬಾಗಿಲಲ್ಲಿ ಮ್ಯಾನೇಜರ ತಲೆ ಕಾಣಿಸಿತು. “ಏನಾಯ್ತ್ರೀ?”

“ಒಂದು ಪಾಸ್ ಸಾರ್. ಒಂದು ಫೇಲ್.”

ಇದರಲ್ಲಿ ಸುಳ್ಳೇನಿದೆ, ಹೇಳಿ? ಅಳಿಯ ತನಗೂ ಹಾಗೆಯೇ ಹೇಳಿಕೊಂಡ. ವರದಿಯಲ್ಲಿ ಎರಡು ಸಾಲು ಬರೆದ: ‘ಒಂದು ತೇರ್ಗಡೆ, ಒಂದು ಅನುತ್ತೀರ್ಣ. ರಬ್ಬರ್ ಮಿಶ್ರಣ ಒಂದೇ ಹದದಲ್ಲಿ ಇದ್ದಂತಿಲ್ಲ.’ ಕೆಳಗೆ ದುಂಡಗೆ ಸಹಿ ಹಾಕಿದ. ಹರಿದ ಎರಡು ಬುಷ್ಷುಗಳನ್ನು ಬೇರೆ ಬೇರೆ ಡಬ್ಬಗಳಿಗೆ ಎಸೆದ.

ಕಾರ್ಖಾನೆಯವರು ಮಾವನಿಗೆ ಕ್ಷಮಾಪಣೆ ಪತ್ರ ಬರೆದು ಹೊಸ ಆರ್ಮ್ ಕಳಿಸಿದರು. ಮಾವ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಬಂದವರಿಗೆಲ್ಲ ಅದನ್ನು ತೋರಿಸಿ, “ನಮ್ಮ ಅಳಿಯಂದ್ರು ಕಣ್ಣಲ್ಲಿ ನೋಡಿ ಹೇಳಿದ್ದನ್ನ ಇವರು ಯಂತ್ರ ಇಟ್ಟು ಕಂಡುಹಿಡಿದಿದ್ದಾರೆ,” ಎನ್ನತೊಡಗಿದರು. ಭಾವ ಈಗ ಅಳಿಯನನ್ನು ‘ನೀವು’ ಎನ್ನುತ್ತಾನೆ. ಹೊಸ ಆರ್ಮನ್ನು ಮೇಸ್ತ್ರಿಯೇ ಕೂರಿಸಿದ. ತಜ್ಞರಿಗೆ ಆವತ್ತು ಬೆನ್ನು ನೋವಿತ್ತು.

ಮಸಿಯಜ್ಜನಿಗೆ ಕೆಲಸಕ್ಕೆ ಬರಬೇಡ ಎಂದು ಹೇಳಿದರು. ದವಾಖಾನೆಯ ಚೀಟಿಯನ್ನೂ ವಾಪಸ್ ಪಡೆದರು. ಕೊನೆಯ ದಿನ ಅವನು ಸ್ನಾನ ಮಾಡಿ ಪರೀಕ್ಷಾ ಕೋಣೆಗೆ ಬಂದ. ಮಸಿಯಿಲ್ಲದ ಮುಖ ಯಾರದೋ ಮುಖದ ಹಾಗಿತ್ತು, ಅಳಿಯನಿಗೆ ತಕ್ಷಣ ಗುರುತು ಸಿಗಲಿಲ್ಲ. ಸಿಕ್ಕಾಗ ಅವನು ಪುಸ್ತಕ ತೆರೆದು ಏನೋ ಹುಡುಕತೊಡಗಿದ.

“ನಿಮ್ಮ ವರದಿ ಓದಿಸಿ ಕೇಳಿದೆ ಸಾರ್,” ಎಂದ ಮಸಿಯಜ್ಜ. “ಬೇರೆ ಯಾರಾದ್ರೂ ಬರೆದಿದ್ರೆ ಜಗಳಕ್ಕೆ ಹೋಗ್ತಿದ್ದೆ. ನೀವು ಬರೆದಿದ್ದೀರಿ ಅಂದ್ಮೇಲೆ ತಪ್ಪು ನನ್ನದೇ ಇರಬೇಕು. ಗಂಧಕ ಸರಿಯಾಗೇ ತೂಗಿದ್ದೆ ಅಂತ ನೆನಪು. ಆದ್ರೆ ವಯಸ್ಸಾಯ್ತಲ್ಲ. ಕೈ ತಪ್ಪಿರಬೇಕು, ಅಲ್ವಾ ಸಾರ್?”

ಕೋಣೆಯಲ್ಲಿ ಮಾವ ಇರಲಿಲ್ಲ, ಭಾವ ಇರಲಿಲ್ಲ. ನಿಂತ ಯಂತ್ರವೊಂದನ್ನು ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ.

“ಇರಬಹುದು,” ಎಂದ ಅಳಿಯ. “ಈ ವಯಸ್ಸಲ್ಲಿ ಆಗುತ್ತೆ.”

ಮಸಿಯಜ್ಜ ತಲೆಯಾಡಿಸಿದ. ಹೊರಟವನು ಬಾಗಿಲಲ್ಲಿ ನಿಂತ.

“ಕೆಲಸ ಹೋದದ್ದು ಹೋಗಲಿ ಸಾರ್. ಇನ್ನೊಂದು ಯೋಚನೆ, ಅದೇ ನಿದ್ದೆ ಕೊಡ್ತಿಲ್ಲ. ಆವತ್ತು ನಾನು ಕಲೆಸಿದ್ದು ಎಷ್ಟು ಗಾಡಿಗಳಿಗೆ ಹೋಗಿದೆಯೋ ಏನೋ. ಮಕ್ಕಳುಮರಿ ಕೂತಿರ್ತಾರೆ. ನನ್ನ ಕೈ ತಪ್ಪಿದ್ದಕ್ಕೆ ಯಾರಿಗೂ ಏನೂ ಆಗಲ್ಲ ತಾನೆ ಸಾರ್?”

ಆ ರಬ್ಬರ್ ಹರಿಯುವುದಿಲ್ಲ, ಯಾರಿಗೂ ಏನೂ ಆಗುವುದಿಲ್ಲ ಎಂದು ಈ ಪ್ರಪಂಚದಲ್ಲಿ ಖಚಿತವಾಗಿ ಗೊತ್ತಿದ್ದವನು ಒಬ್ಬನೇ.

ಅವನು ಪುಸ್ತಕದಿಂದ ತಲೆಯೆತ್ತದೆ, “ದೇವರಿದ್ದಾನೆ ಬಿಡಿ,” ಎಂದ.